ಮದುವೆ ಊಟದ ನಂತರ ವಾಂತಿಭೇದಿ: ಪರೀಕ್ಷಾ ವರದಿಯನ್ನು ನಾವು ಕೇಳಿ ಪಡೆಯಬಹುದೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗೃಹಿಣಿ

ನಮ್ಮ ಪಂಚಾಯತಿನ ಸಭಾಭವನವೊಂದರಲ್ಲಿ ಕಳೆದ ತಿಂಗಳು ಮದುವೆ ಊಟ ಮಾಡಿದವರಲ್ಲಿ ಬಹಳಷ್ಟು ಮಂದಿ ಮರುದಿನದಿಂದ ವಾಂತಿ, ಭೇದಿ, ಜ್ವರ ಎಂದು ಆಸ್ಪತ್ರೆ ಸೇರಿದರು. ನನ್ನ ಅತ್ತೆಯವರಿಗೂ ಡ್ರಿಪ್ ಹಾಕಬೇಕಾಯಿತು. ಇಲಾಖೆಯವರು ಬಂದು ಉಳಿದಿದ್ದ ಆಹಾರವನ್ನೂ ಬಾವಿಯ ನೀರನ್ನೂ ಬಾಟಲಿಗಳಲ್ಲಿ ತುಂಬಿಸಿ, ಮೊಹರು ಹಾಕಿ ಒಯ್ದದ್ದನ್ನು ಊರವರೆಲ್ಲ ನೋಡಿದ್ದಾರೆ. ಆಮೇಲೆ ಯಾವ ಸುದ್ದಿಯೂ ಇಲ್ಲ. ಕಚೇರಿಗೆ ಹೋಗಿ ಕೇಳಿದರೆ, ವಿಷಯ ತನಿಖೆಯಲ್ಲಿದೆ, ಸಾರ್ವಜನಿಕರಿಗೆ ಕೊಡುವಂತಿಲ್ಲ ಎಂಬ ಉತ್ತರ ಬಂತು. ಇತ್ತ ಒಬ್ಬರು ಮೀನಿನ ಮೇಲೆ, ಇನ್ನೊಬ್ಬರು ಐಸ್‌ಕ್ರೀಂ ಮೇಲೆ, ಮತ್ತೊಬ್ಬರು ನೀರಿನ ಮೇಲೆ ತಪ್ಪು ಹೊರಿಸುತ್ತಿದ್ದಾರೆ. ಅದೇ ಬಾವಿಯ ನೀರಿನಲ್ಲಿ ಮುಂದಿನ ಮದುವೆಗಳ ಅಡುಗೆಯೂ ನಡೆಯುತ್ತಿದೆ. ವರದಿಯನ್ನು ಕೇಳುವ ಹಕ್ಕು ನಮಗಿದೆಯೇ? ಯಾವ ಕಚೇರಿಯಲ್ಲಿ ಕೇಳಬೇಕು? ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಉತ್ತರ: ನಿವೃತ್ತ ಸರಕಾರಿ ನೌಕರ, ಬದಿಯಡ್ಕ

ಹಕ್ಕು ಖಂಡಿತವಾಗಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಸೆಕ್ಷನ್ 8(1)(ಎಚ್) ತನಿಖೆಯ ಕಾರಣಕ್ಕೆ ಮಾಹಿತಿಯನ್ನು ತಡೆಹಿಡಿಯಲು ಅವಕಾಶ ಕೊಡುತ್ತದೆ ನಿಜ, ಆದರೆ ಮಾಹಿತಿ ಕೊಡುವುದರಿಂದ ತನಿಖೆಗೆ ಅಡ್ಡಿಯಾಗುತ್ತದೆ ಎಂಬುದನ್ನು ಅಧಿಕಾರಿ ತೋರಿಸಿಕೊಡಬೇಕು. ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣ ಸಾಲದು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಮೊಹರು ಹಾಕಿ ಪ್ರಯೋಗಾಲಯಕ್ಕೆ ಹೋದ ನೀರಿನಲ್ಲಿ ಯಾವ ರೋಗಾಣು ಇತ್ತು ಎಂಬುದು ಊರಿಗೆ ತಿಳಿದರೆ ಯಾವ ಸಾಕ್ಷ್ಯ ಹಾಳಾಗುತ್ತದೆಂದು ನನಗಂತೂ ಅರ್ಥವಾಗುವುದಿಲ್ಲ. ಜನರನ್ನು ಬಾಧಿಸುವ ನಿರ್ಧಾರಗಳ ಸಂಗತಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಅದೇ ಕಾಯಿದೆಯ ಸೆಕ್ಷನ್ 4 ಹೇಳುತ್ತದೆ.

ಕನ್ನಡದ ವಿಚಾರದಲ್ಲಿ ಹಿಂಜರಿಯಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಅವಕಾಶ ಕೊಟ್ಟಿದೆ. ಅರ್ಜಿಗೆ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಸಾಕು, ಮಾಹಿತಿ ಏಕೆ ಬೇಕೆಂದು ಬರೆಯಬೇಕಾಗಿಲ್ಲ.

ಉತ್ತರ: ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು, ಕುಂಬಳೆ

ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ "ವರದಿ ಕೊಡಿ" ಎಂದಷ್ಟೇ ಬರೆದರೆ ನಿಮ್ಮ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ, ಏಕೆಂದರೆ ಒಂದೇ ಘಟನೆಯ ಕಾಗದಗಳು ಬೇರೆ ಬೇರೆ ಕಡೆ ಇರುತ್ತವೆ. ಆಹಾರದ ಮಾದರಿಯನ್ನು ತೆಗೆಯುವವರು ಆಹಾರ ಸುರಕ್ಷಾ ಇಲಾಖೆಯವರು. ನಮ್ಮ ಕಡೆಯ ಮಾದರಿಗಳು ಸಾಮಾನ್ಯವಾಗಿ ಕೋಝಿಕ್ಕೋಡಿನ ಪ್ರಾದೇಶಿಕ ಪ್ರಯೋಗಾಲಯಕ್ಕೆ ಹೋಗುತ್ತವೆ. 2006ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಆಹಾರ ವಿಶ್ಲೇಷಕರು ಮಾದರಿ ಕೈಸೇರಿದ 14 ದಿನಗಳೊಳಗೆ ವರದಿ ಕಳುಹಿಸಬೇಕು, ಆದ್ದರಿಂದ ನಿಮ್ಮ ಊರಿನ ವರದಿ ಈಗಾಗಲೇ ಜಿಲ್ಲಾ ಕಚೇರಿಗೆ ಬಂದಿರಬೇಕು. ರೋಗಿಗಳ ಮಲಪರೀಕ್ಷೆಯ ಫಲಿತಾಂಶವನ್ನು ಜಿಲ್ಲಾ ವೈದ್ಯಾಧಿಕಾರಿಯವರ ಕಚೇರಿಯ ರೋಗ ಕಣ್ಗಾವಲು ವಿಭಾಗದಲ್ಲಿ ಕೇಳಿ.

ಬಹುಮಂದಿಗೆ ಗೊತ್ತಿಲ್ಲದ ಇನ್ನೊಂದು ಕಾಗದವಿದೆ, ಅದೇ ಲೈನ್ ಲಿಸ್ಟ್. ಹೆಲ್ತ್ ಇನ್ಸ್‌ಪೆಕ್ಟರ್ ಮತ್ತು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬಿಸುವ ಈ ಪಟ್ಟಿಯಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಸಾಲು: ವಯಸ್ಸು, ವಾರ್ಡು, ಊಟ ಮಾಡಿದ ಹೊತ್ತು, ಏನೇನು ತಿಂದರು, ಮೊದಲ ವಾಂತಿ ಅಥವಾ ಭೇದಿ ಎಷ್ಟು ಹೊತ್ತಿಗೆ ಆಯಿತು. ಊಟವಾಗಿ ಕೆಲವೇ ಗಂಟೆಗಳಲ್ಲಿ ಎಲ್ಲರೂ ವಾಂತಿ ಮಾಡಿದ್ದರೆ ಬೇಯಿಸಿಟ್ಟ ಆಹಾರದಲ್ಲಿ ಉಂಟಾದ ವಿಷಾಂಶದ ಮೇಲೆ ಸಂಶಯ ಹೋಗುತ್ತದೆ. ಒಂದೆರಡು ದಿನ ಕಳೆದು ಜ್ವರ, ರಕ್ತಭೇದಿ ಕಾಣಿಸಿಕೊಂಡರೆ ಶಿಗೆಲ್ಲಾದಂಥ ರೋಗಾಣುವಿನತ್ತ ನೋಡಬೇಕಾಗುತ್ತದೆ. ಮೀನು ಮುಟ್ಟದವರಿಗೂ ಅಷ್ಟೇ ಪ್ರಮಾಣದಲ್ಲಿ ಕಾಯಿಲೆ ಬಂದಿದೆಯೋ ಎಂಬುದೂ ಆ ಸಾಲುಗಳನ್ನು ಊಟ ಮಾಡಿಯೂ ಆರೋಗ್ಯವಾಗಿದ್ದವರ ಹೇಳಿಕೆಯೊಂದಿಗೆ ಹೋಲಿಸಿದಾಗ ತಿಳಿಯುತ್ತದೆ. ರೋಗಿಗಳ ಹೆಸರು, ವಿಳಾಸ ಬಯಲಾಗಬಾರದು, ಅದರಲ್ಲಿ ಎರಡು ಮಾತಿಲ್ಲ. ಹೆಸರುಗಳನ್ನು ಅಳಿಸಿ ಉಳಿದದ್ದನ್ನು ಕೊಡಲು ಮಾಹಿತಿ ಹಕ್ಕು ಕಾಯಿದೆಯ ಸೆಕ್ಷನ್ 10ರಲ್ಲಿ ದಾರಿಯಿದೆ, ಅದನ್ನು ಅರ್ಜಿಯಲ್ಲೇ ಬರೆದುಬಿಡಿ.

ಮನಸ್ಸಿದ್ದರೆ ಇಲಾಖೆ ಎಷ್ಟು ಬೇಗ ಮಾತಾಡಬಲ್ಲುದು ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಅಸ್ವಸ್ಥರಾಗಿ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಾಗ, ರೋಗಿಗಳಲ್ಲಿ ಶಿಗೆಲ್ಲಾ ಇದೆಯೆಂಬುದನ್ನೂ ಆಹಾರದ ಮಾದರಿಯಲ್ಲಿ ಶಿಗೆಲ್ಲಾ, ಸಾಲ್ಮೊನೆಲ್ಲಾ ಕಂಡುಬಂದುದನ್ನೂ ಕೆಲವೇ ದಿನಗಳಲ್ಲಿ ಬಹಿರಂಗಪಡಿಸಲಾಯಿತು. ಸಾವು ಸಂಭವಿಸಿದರೆ ಮಾತ್ರ ಅಂಥ ವೇಗ ಬರಬೇಕೇ?

ಉತ್ತರ: ಅಡುಗೆ ಗುತ್ತಿಗೆದಾರ, ಪೆರ್ಲ

ಅಕ್ಕಾ, ನಿಮ್ಮ ಬೇಡಿಕೆ ನ್ಯಾಯವಾದುದು, ಆದರೆ ನಮ್ಮ ಕಡೆಯಿಂದಲೂ ಒಂದು ಮಾತು ಹೇಳಬೇಕು. ವರದಿ ಬರುವ ಮೊದಲೇ ವಾಟ್ಸಾಪಿನಲ್ಲಿ ಅಡುಗೆಯವರ ಹೆಸರು ಹರಿದಾಡಿದರೆ, ಕೊನೆಗೆ ದೋಷ ಬಾವಿಯದ್ದೆಂದು ತಿಳಿದರೂ ಹೋದ ಮದುವೆ ಸೀಸನ್ ತಿರುಗಿ ಬರುವುದಿಲ್ಲ. ವಿಶ್ಲೇಷಕರ ವರದಿಯನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಲು ಕಾನೂನು ನಮಗೂ ಅವಕಾಶ ಕೊಟ್ಟಿದೆ. ನೀರಿನ ಫಲಿತಾಂಶವನ್ನೂ ಜನರು ವಹಿಸಬೇಕಾದ ಎಚ್ಚರಿಕೆಯನ್ನೂ ಕೂಡಲೇ ಪ್ರಕಟಿಸಲಿ, ಹೆಸರನ್ನು ಮಾತ್ರ ವರದಿಯ ಆಧಾರದಲ್ಲಿ ಹೇಳಲಿ. ಎಲ್ಲವನ್ನೂ ಮುಚ್ಚಿಟ್ಟಾಗ ಅತಿ ಹೆಚ್ಚು ನಷ್ಟವಾಗುವುದು ಶುಚಿಯಾಗಿ ಕೆಲಸ ಮಾಡುವ ಅಡುಗೆಯವರಿಗೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನಗೆ ಯಾರ ಹೆಸರೂ ಬೇಕಾಗಿಲ್ಲ. ಆ ಬಾವಿಯ ನೀರನ್ನು ಕುಡಿಯಬಹುದೇ ಎಂಬುದು ಮೊದಲು ತಿಳಿಯಬೇಕು. ಅರ್ಜಿ ಕೊಟ್ಟ ಮೇಲೂ ಉತ್ತರ ಬಾರದಿದ್ದರೆ ಏನು ಮಾಡಬೇಕು?

ಉತ್ತರ: ನಿವೃತ್ತ ಸರಕಾರಿ ನೌಕರ, ಬದಿಯಡ್ಕ

ಸಾಮಾನ್ಯ ಅವಧಿ 30 ದಿನ. ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಬಾವಿಯ ನೀರು ಈಗಲೂ ಬಳಕೆಯಲ್ಲಿರುವುದರಿಂದ ನೀರಿನ ಫಲಿತಾಂಶಕ್ಕೆ ಮಾತ್ರ ಪ್ರತ್ಯೇಕ ಅರ್ಜಿ ಬರೆದು ಆ ನಿಯಮವನ್ನು ಉಲ್ಲೇಖಿಸಿ. ಅದನ್ನು ಒಪ್ಪಿಸುವುದು ಸುಲಭವಲ್ಲ, ಆದರೂ ಕೇಳುವುದರಲ್ಲಿ ನಷ್ಟವಿಲ್ಲ. ಅವಧಿ ಮೀರಿದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಹೊಣೆ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ. ಅಷ್ಟರವರೆಗೆ ಕಾಯದೆ, ಬಾವಿಗೆ ಕ್ಲೋರಿನ್ ಹಾಕಿಸಬೇಕೆಂದು ವಾರ್ಡ್ ಸದಸ್ಯರಿಗೂ ಪಂಚಾಯತು ಕಾರ್ಯದರ್ಶಿಗೂ ಇಂದೇ ಲಿಖಿತ ಮನವಿ ಕೊಡಿ.