ಸೋಫಾ ಉಜ್ಜಲು ಡ್ರಿಲ್ ಬ್ರಷ್ ಹಾಕಬಹುದಾ? ಮಲೆನಾಡಲ್ಲಿ ಈ ಕೆಲಸ ಮಾಡುವವರು ಹೇಳಿ

ತುಂಗೆಯ ದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸೋಫಾ, ಹಾಸಿಗೆ, ಕಾರಿನ ಸೀಟು ಕ್ಲೀನಿಂಗ್ ಕೆಲಸ ಮಾಡುತ್ತೇನೆ. ನಾನು ಮತ್ತು ಒಬ್ಬ ಹುಡುಗ, ಇಬ್ಬರೇ. ಜಾಸ್ತಿ ಕೆಲಸ ವಿನೋಬನಗರ, ಗೋಪಾಳದ ಕಡೆಯದು, ಆಗಾಗ ತೀರ್ಥಹಳ್ಳಿ, ಸಾಗರದಿಂದಲೂ ಕರೆಯುತ್ತಾರೆ. ಇಲ್ಲಿ ತನಕ ಎಲ್ಲಾ ಕೈಬ್ರಷ್‌ನಲ್ಲೇ ನಡೆದಿದೆ. ದೊಡ್ಡ ಎಲ್ ಶೇಪ್ ಸೋಫಾ ಒಂದು ಮುಗಿಸುವಷ್ಟರಲ್ಲಿ ಹುಡುಗನ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಮಾರನೇ ದಿನ ಬಕೆಟ್ ಎತ್ತಲೂ ಕಷ್ಟಪಡುತ್ತಾನೆ.

ಆನ್‌ಲೈನ್‌ನಲ್ಲಿ ಡ್ರಿಲ್‌ಗೆ ಸಿಕ್ಕಿಸುವ ಬ್ರಷ್ ಸೆಟ್ ನೋಡಿದೆ. ಬಿಳಿ, ಹಳದಿ, ಕೆಂಪು ಅಂತ ಬರುತ್ತವೆ. ವೀಡಿಯೊದಲ್ಲಿ ನೋಡಿದರೆ ಬ್ರಷ್ ತಿರುಗಿದ ಕೂಡಲೇ ನೊರೆ ಕಪ್ಪಾಗುತ್ತದೆ, ಸೋಫಾ ಹೊಸದರಂತೆ ಕಾಣುತ್ತದೆ. ತಗೊಳ್ಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಒಂದು ಮನೆಗೆ ಹೋದಾಗ ಆ ಮನೆಯ ಅಮ್ಮ ಮೊದಲೇ ಹೇಳಿದರು, "ಮಷಿನ್ ಹಾಕುವ ಹಾಗಿದ್ದರೆ ಬೇಡಪ್ಪ, ಹೋದ ಸಲ ಬಂದವರು ಹಾಳು ಮಾಡಿ ಹೋದರು." ಬಗ್ಗಿ ನೋಡಿದೆ. ಕೈ ಇಡುವ ಜಾಗದಲ್ಲಿ ಬಟ್ಟೆಯ ಎಳೆ ಎದ್ದು ಜುಂಗು ಜುಂಗಾಗಿತ್ತು. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಸೀಟಿನ ಮೇಲೆ ಬಳೆಯಷ್ಟಗಲದ ಸುತ್ತು ಗುರುತುಗಳು, ಒಂದರ ಮೇಲೊಂದು. ಮೇಲಿಂದ ನೇರವಾಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇದು ಬ್ರಷ್‌ನ ತಪ್ಪಾ, ಹಿಡಿದವರ ತಪ್ಪಾ? ಯಾವ ಬಟ್ಟೆಗೆ ಹಾಕಬಹುದು, ಯಾವುದಕ್ಕೆ ಮುಟ್ಟಿಸಲೇ ಬಾರದು? ಕಾರಿಗೆ ಪಾಲಿಶ್ ಹೊಡೆಯುವ ಮಷಿನ್‌ಗೆ ಬ್ರಷ್ ಹಾಕಿ ಮಾಡುವವರೂ ಇದ್ದಾರಂತೆ. ದಿನಾ ಈ ಕೆಲಸ ಮಾಡುವವರು ಹೇಳಿದರೆ ಉಪಕಾರ.

ಸೀಟ್ ಕವರ್ ಭದ್ರಾವತಿ

ನಾನು ಡ್ರಿಲ್ ಬ್ರಷ್ ಬಳಸುತ್ತೇನೆ, ಧೈರ್ಯವಾಗಿ ತಗೊಳ್ಳಿ ಅಂತಲೂ ಹೇಳುತ್ತೇನೆ. ಆದರೆ ಸೋಫಾ ಬಟ್ಟೆಗೆ ಬಿಳಿ ಬ್ರಷ್ ಒಂದೇ. ಸಾಮಾನ್ಯವಾಗಿ ಬಿಳಿ ಅಂದರೆ ಮೆತ್ತಗಿನದು, ಹಳದಿ ಅದಕ್ಕಿಂತ ಗಟ್ಟಿ, ಅದು ಬಾತ್‌ರೂಮ್ ಟೈಲ್ಸ್‌ಗೆ. ಕೆಂಪು, ಕಪ್ಪು ಇನ್ನೂ ಒರಟು. ಎಲ್ಲಾ ಕಂಪನಿಯವರೂ ಒಂದೇ ಲೆಕ್ಕ ಇಡುವುದಿಲ್ಲ, ಹಾಗಾಗಿ ಬಣ್ಣ ನಂಬಬೇಡಿ, ಒಳಗೈ ಮೇಲೆ ಉಜ್ಜಿ ನೋಡಿ. ನೀವು ಹೇಳಿದ ಜುಂಗು ನೋಡಿದರೆ ಹಳದಿ ಹಾಕಿ ಒತ್ತಿ ಹಿಡಿದಿದ್ದಾರೆ ಅಂತ ಅನಿಸುತ್ತದೆ.

ಮುಖ್ಯ ಸ್ಪೀಡ್. ಬ್ಯಾಟರಿ ಡ್ರಿಲ್‌ನಲ್ಲಿ ಎರಡು ಗೇರ್ ಇರುತ್ತದೆ ಅಲ್ವಾ, ಮೇಲಿರುವ 1 ಮತ್ತು 2. ಒಂದರಲ್ಲೇ ಇಡಿ. ಅದರಲ್ಲಿ ನಿಮಿಷಕ್ಕೆ 400-500 ಸುತ್ತು ಬರುತ್ತದೆ, ಟ್ರಿಗರ್ ಅರ್ಧ ಒತ್ತಿದರೆ ಇನ್ನೂ ಕಮ್ಮಿ. ಅಷ್ಟು ಸಾಕು. ಎರಡನೇ ಗೇರ್‌ನಲ್ಲಿ ಬಟ್ಟೆ ಬಿಸಿಯಾಗುತ್ತದೆ, ಪಾಲಿಯೆಸ್ಟರ್ ಎಳೆಯ ತುದಿ ಸುಟ್ಟ ಹಾಗೆ ಗಟ್ಟಿಯಾದರೆ ಅದನ್ನು ಯಾರೂ ಸರಿ ಮಾಡಲಾರರು. ಗ್ರೈಂಡರ್‌ಗೆ ಬ್ರಷ್ ಸಿಕ್ಕಿಸುವವರನ್ನೂ ಕಂಡಿದ್ದೇನೆ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರದ ಮೇಲೆ ಸುತ್ತುತ್ತದೆ. ಅದು ಕಬ್ಬಿಣ ಕುಯ್ಯುವ ಮಷಿನ್, ಸೋಫಾ ಹತ್ತಿರ ತರಲೇಬೇಡಿ. ಪಾಲಿಶರ್ ವಿಷಯಕ್ಕೆ ಬಂದರೆ, ಸುಮ್ನೆ ಗುಂಡಗೆ ಸುತ್ತುವುದಕ್ಕಿಂತ ಅಲ್ಲಾಡುತ್ತಾ ಸುತ್ತುವ ಡ್ಯುಯಲ್ ಆಕ್ಷನ್ ಮಷಿನ್ ವಾಸಿ. ಅದರಲ್ಲಿ ಸುತ್ತು ಗುರುತು ಕಮ್ಮಿ, ಜಾಸ್ತಿ ಒತ್ತಿದರೆ ಸುತ್ತುವುದೇ ನಿಂತು ಹೋಗುತ್ತದೆ. ಸ್ಪೀಡ್ ಕಡಿಮೆ ನಂಬರ್‌ನಲ್ಲಿ ಇಟ್ಟು ಮಾಡಿ.

ನಾನು ಮೊದಲು ವ್ಯಾಕ್ಯೂಮ್ ಹೊಡೆಯುತ್ತೇನೆ, ಒಣಗಿದ್ದಾಗಲೇ. ಒಣ ಮಣ್ಣಿನ ಮೇಲೆ ನೀರು ಹಾಕಿದರೆ ಕೆಸರು, ಆಮೇಲೆ ಆ ಕೆಸರನ್ನೇ ಬಟ್ಟೆಗೆ ಅರೆಯುತ್ತೀರಿ. ಸ್ಪ್ರೇ ಹಾಕಿ ಐದಾರು ನಿಮಿಷ ಬಿಟ್ಟು ಆಮೇಲೆ ಬ್ರಷ್. ಡ್ರಿಲ್‌ನ ಭಾರ ಎಷ್ಟೋ ಅಷ್ಟೇ ಬೀಳಬೇಕು, ಕೈ ಒತ್ತಡ ಬೇಡ. ಒಂದೇ ಜಾಗದಲ್ಲಿ ನಿಲ್ಲಿಸಬಾರದು. ಹೊಲಿಗೆ, ಪೈಪಿಂಗ್ (ಅಂಚಿಗೆ ಹೊಲಿದ ದಾರದಂಥ ಪಟ್ಟಿ), ಗುಂಡಿ, ಜಿಪ್ ಇರುವ ಕಡೆ ಎರಡು ಬೆರಳು ದೂರವೇ ನಿಂತು, ಅಲ್ಲಿಂದ ಕೈಬ್ರಷ್. ಪೈಪಿಂಗ್ ದಾರ ಒಮ್ಮೆ ಬ್ರಷ್‌ಗೆ ಸುತ್ತಿಕೊಂಡರೆ ಇಡೀ ಅಂಚು ಕಿತ್ತು ಬರುತ್ತದೆ.

ಕುಶನ್ ಕೆಲಸ ಸಾಗರ

ಭದ್ರಾವತಿಯವರು ಹೇಳಿದ್ದು ಸರಿ ಇದೆ, ಆದರೆ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ನನ್ನದು ಸೋಫಾ ಬಿಚ್ಚಿ ಹೊಸ ಬಟ್ಟೆ ಹಾಕುವ ಕೆಲಸ. ಕ್ಲೀನಿಂಗ್ ಮಾಡಿಸಿದ ಸೋಫಾದ ಒಳಗೆ ಏನಾಗಿದೆ ಅಂತ ನೋಡುವವನು ನಾನೇ.

ಬಟ್ಟೆ ತೆಗೆದರೆ ಕೆಳಗೆ ಫೋಮ್ ಮೇಲೆ ಒಣಗಿದ ಶಾಂಪೂ ಬಿಳಿ ಬಿಳಿಯಾಗಿ ಪದರ ಕಟ್ಟಿರುತ್ತದೆ. ಬಟ್ಟೆಯ ಹಿಂಬದಿಯಲ್ಲಿ ಬೂಷ್ಟು, ಕಪ್ಪು ಚುಕ್ಕೆ. ಪ್ಲೈವುಡ್‌ಗೆ ಹೊಡೆದ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು, ಆ ತುಕ್ಕಿನ ನೀರು ಬಟ್ಟೆಯ ಅಂಚಿಗೆ ಹಳದಿ ಗೆರೆಯಾಗಿ ಬಂದಿರುತ್ತದೆ. ಮೇಲಿಂದ ಮನೆಯವರಿಗೆ ಕಾಣುವುದು ಆ ಗೆರೆ ಮಾತ್ರ, ಅದು ಕಲೆ ಅಂದುಕೊಂಡು ಮತ್ತೆ ಕ್ಲೀನಿಂಗ್‌ಗೆ ಕರೆಯುತ್ತಾರೆ, ಮತ್ತೆ ನೀರು ಇಳಿಯುತ್ತದೆ.

ಮಷಿನ್ ಬ್ರಷ್‌ನ ನಿಜವಾದ ಅಪಾಯ ಇದು. ಬಟ್ಟೆ ಹರಿಯುವುದು ಕಣ್ಣಿಗೆ ಕಾಣುತ್ತದೆ, ಆದರೆ ಬ್ರಷ್ ತಿರುಗುವಾಗ ನೊರೆಯನ್ನು ಕೆಳಕ್ಕೂ ತಳ್ಳುತ್ತದೆ, ಅದು ಕಾಣುವುದಿಲ್ಲ. ನೊರೆ ಕಪ್ಪಾಯಿತು ಅಂದರೆ ಕೊಳೆ ಎಳೆಯಿಂದ ಬಿಟ್ಟಿತು ಅಂತ ಅಷ್ಟೇ ಅರ್ಥ, ಸೋಫಾದಿಂದ ಹೊರಗೆ ಹೋಯಿತು ಅಂತ ಅಲ್ಲ. ಹೊರಗೆ ತೆಗೆಯುವುದು ನೀರೆಳೆಯುವ ವ್ಯಾಕ್ಯೂಮ್. ಉಜ್ಜುವುದಕ್ಕಿಂತ ಎಳೆಯುವುದಕ್ಕೆ ಜಾಸ್ತಿ ಹೊತ್ತು ಕೊಡಿ. ಬರೀ ನೀರು ಸ್ವಲ್ಪ ಹಾಕಿ ಒಮ್ಮೆ ಎಳೆಯಿರಿ, ಆಮೇಲೆ ನೀರು ಹಾಕದೇ ಮತ್ತೆ ಮತ್ತೆ ಎಳೆಯಿರಿ, ಪೈಪಿನಲ್ಲಿ ಹನಿ ಬರುವುದು ನಿಲ್ಲುವ ತನಕ. ಸೋಪು ಒಳಗೆ ಉಳಿದರೆ ಅದು ಅಂಟು, ಹೊಸ ಧೂಳನ್ನು ಹಿಡಿದುಕೊಳ್ಳುತ್ತದೆ. "ಕ್ಲೀನ್ ಮಾಡಿಸಿದ ಮೇಲೆ ಬೇಗ ಕೊಳೆ ಆಗುತ್ತಿದೆ" ಅಂತ ಜನ ಹೇಳುವುದು ಇದಕ್ಕೇ.

ಯಾವುದಕ್ಕೆ ಮುಟ್ಟಿಸಬಾರದು ಅಂದರೆ ವೆಲ್ವೆಟ್‌ಗೆ ಬೇಡವೇ ಬೇಡ, ರೋಮ ಒಂದು ಸಲ ಸುತ್ತಿ ಮಲಗಿದರೆ ಏಳುವುದಿಲ್ಲ. ಶೆನಿಲ್ ಅಂತ ಬರುತ್ತದಲ್ಲ, ಮುಟ್ಟಿದರೆ ಹುಳದ ಮೈಯಂತೆ ಮೆತ್ತಗಿರುವ ದಪ್ಪ ನೂಲು, ಅದರ ಎಳೆ ಬರೀ ತಿರುಚಿನಲ್ಲಿ ನಿಂತಿರುತ್ತದೆ, ಬ್ರಷ್ ತಿರುಗಿದರೆ ಉದುರಿ ನಡುವಿನ ದಾರ ಮಾತ್ರ ಉಳಿಯುತ್ತದೆ. ನೀವು ನೋಡಿದ ಆ ಕೈ ಜಾಗ ಶೆನಿಲ್ ಇದ್ದರೂ ಇರಬಹುದು. ರೇಷ್ಮೆ, ಉಣ್ಣೆ, ಸ್ಯೂಡ್‌ಗೂ ಬೇಡ. ರೆಕ್ಸಿನ್ ಬಗ್ಗೆ ನಮ್ಮ ಕಡೆಯವರು ಇನ್ನೂ ಹುಷಾರಾಗಿರಬೇಕು. ಪಿಯು (ಪಾಲಿಯುರೆಥೇನ್) ರೆಕ್ಸಿನ್‌ನ ಮೇಲ್ಪದರ ಗಾಳಿಯ ತೇವಕ್ಕೇ ನಿಧಾನವಾಗಿ ಕೆಡುತ್ತದೆ, ನಮ್ಮಲ್ಲಿ ಮಳೆಗಾಲಕ್ಕೆ ಬರವಿಲ್ಲ. ಮೇಲೆ ಚೆನ್ನಾಗಿ ಕಂಡರೂ ಒಳಗೆ ಬಿಟ್ಟಿರುತ್ತದೆ. ಅದರ ಮೇಲೆ ಡ್ರಿಲ್ ಇಟ್ಟರೆ ಸಿಪ್ಪೆ ಏಳುತ್ತದೆ, ಮನೆಯವರು ನಿಮ್ಮಿಂದಲೇ ಹೋಯಿತು ಅನ್ನುತ್ತಾರೆ. ಅದಕ್ಕೆ ಒದ್ದೆ ಬಟ್ಟೆ ಸಾಕು.

ಬಿಗಿ ನೇಯ್ಗೆಯ ಪಾಲಿಯೆಸ್ಟರ್, ಆಫೀಸ್ ಕುರ್ಚಿ, ಕಾರಿನ ನೆಲದ ಮ್ಯಾಟ್, ಇವಕ್ಕೆ ಮಾತ್ರ ಹಾಕಿ.

ಹೊಸನಗರದ ಮನೆ

ನಾನು ಕೆಲಸದವಳಲ್ಲ, ಮನೆಯವಳು. ಮಾಡಿಸಿಕೊಳ್ಳುವವರ ಮಾತನ್ನೂ ಕೇಳಿ ಅಂತ ಬರೆಯುತ್ತಿದ್ದೇನೆ.

ನಿಮ್ಮ ಬ್ರಷ್ ಯಾವುದು ಅನ್ನುವುದಕ್ಕಿಂತ ನಮಗೆ ಬೇಕಾದ್ದು "ಯಾವಾಗ ಒಣಗುತ್ತದೆ" ಅನ್ನುವುದು. ಆಷಾಢದಲ್ಲಿ ಇಲ್ಲಿ ಹೊದಿಕೆಯೂ ಒಣಗುವುದಿಲ್ಲ, ದಿಂಬಿನ ಕವರನ್ನು ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹಾಕುತ್ತೇವೆ. ಸೋಫಾವನ್ನು ಎಲ್ಲಿ ಹಾಕುವುದು? ಸಂಜೆಗೆ ಒಣಗುತ್ತದೆ ಅಂತ ಹೇಳಿ ಹೋದವರು ಇದ್ದಾರೆ, ಮೂರನೇ ದಿನಕ್ಕೆ ಮುಗ್ಗಲು ವಾಸನೆ ಬಂತು. ಮಳೆಗಾಲದಲ್ಲಿ ಬೇಡ, ದೀಪಾವಳಿ ಕಳೆದ ಮೇಲೆ ಮಾಡಿಸಿ ಅಂತ ನೀವೇ ಹೇಳಿದರೆ ನಮಗೆ ನಂಬಿಕೆ ಬರುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಕೈಮಗ್ಗದ ಕುಶನ್ ಕವರ್ ಬಳಸುವ ಮನೆಗಳಿವೆ, ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗ ಸಂಸ್ಥೆಯಂಥವರು ನೈಸರ್ಗಿಕ ಬಣ್ಣ ಹಾಕಿ ನೇಯ್ದದ್ದು. ಅಡಿಕೆ ಚೊಗರಿನ (ಅಡಿಕೆಯ ಒಗರು ರಸ) ಬಣ್ಣವೂ ಅದರಲ್ಲಿ ಇರುತ್ತದೆ. ಅದನ್ನು ಸೋಫಾ ಜೊತೆಗೇ ಸ್ಪ್ರೇ ಹೊಡೆದು ಮಷಿನ್ ಆಡಿಸಬೇಡಿ. ಮೊದಲೇ ಕೇಳಿ, ನಾವೇ ಬಿಚ್ಚಿ ಕೊಡುತ್ತೇವೆ.

ಅಡಿಕೆ ಸುಲಿಯುವ ಕಾಲದಲ್ಲಿ ಕೈಯಲ್ಲಿರುವ ಚೊಗರು ಸೋಫಾಕ್ಕೂ ತಾಗುತ್ತದೆ. ಕಂದು ಕಲೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದಕ್ಕೆ ಏನಾದರೂ ಉಂಟಾ?

ಸೀಟ್ ಕವರ್ ಭದ್ರಾವತಿ

ಅಕ್ಕಾ, ಆ ಕಲೆ ಉಜ್ಜಿ ಹೋಗುವುದಲ್ಲ, ಮಷಿನ್ ಹಾಕಿದರೂ ಅಷ್ಟೇ. ಚೊಗರಿನಲ್ಲಿ ಟ್ಯಾನಿನ್ ಇರುತ್ತದೆ, ಚಹಾದಲ್ಲಿ ಇರುವಂಥದ್ದೇ. ಸೋಡಾ, ಬಟ್ಟೆ ಸೋಪಿನಂಥ ಕ್ಷಾರ ಬಿದ್ದರೆ ಅದು ಇನ್ನೂ ಕಪ್ಪಾಗುತ್ತದೆ, ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುವ ಹಾಗೆ. ಎಲೆ ಅಡಿಕೆ ಕಲೆಗೂ ಇದೇ ಮಾತು, ಅದರಲ್ಲಿ ಸುಣ್ಣ ಮೊದಲೇ ಸೇರಿರುತ್ತದೆ. ಬಿಳಿ ವಿನೆಗರ್‌ಗೆ ಅದರಷ್ಟೇ ನೀರು ಸೇರಿಸಿ, ಬಿಳಿ ಬಟ್ಟೆಯಲ್ಲಿ ಅದ್ದಿ, ಒತ್ತಿ ಒತ್ತಿ ತೆಗೆಯಿರಿ. ಹಿಂಬದಿಯಲ್ಲಿ ಒಂದು ಮೂಲೆಗೆ ಹಾಕಿ ಬಣ್ಣ ಬಿಡುತ್ತದಾ ನೋಡಿ ಆಮೇಲೆ ಮುಂದೆ. ತಾಜಾ ಇದ್ದರೆ ಬಹಳಷ್ಟು ಹೋಗುತ್ತದೆ. ಹಳೆಯದಾದರೆ ತೆಳುವಾಗುತ್ತದೆ, ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ತುಂಗೆಯ ದಂಡೆ (ಶಿವಮೊಗ್ಗ)

ಎಲ್ಲರಿಗೂ ತುಂಬಾ ಧನ್ಯವಾದ. ನಾನು ಬ್ರಷ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಸೇರಿಸಿ ಒಳ್ಳೆ ವೆಟ್ ವ್ಯಾಕ್ಯೂಮ್ ತಗೊಳ್ಳುತ್ತೇನೆ ಹಾಗಾದರೆ, ಬಿಳಿ ಬ್ರಷ್ ಒಂದನ್ನು ಬಿಡಿಯಾಗಿ. ಎರಡು ಪ್ರಶ್ನೆ ಉಳಿಯಿತು. ಕೆಲವು ಸೋಫಾದ ಸೀಟಿನ ಕೆಳಗೆ ಚೀಟಿಯಲ್ಲಿ ಡಬ್ಲ್ಯೂ, ಎಸ್ ಅಂತ ಅಕ್ಷರ ಇರುತ್ತದೆ, ಅದನ್ನು ನೋಡಬೇಕಾ? ನನ್ನ ಹತ್ತಿರ ಇರುವುದು ವೈರ್ ಡ್ರಿಲ್, ಗೋಡೆಗೆ ತೂತು ಹೊಡೆಯುವುದು. ಅದೇ ನಡೆಯುತ್ತದಾ?

ಕುಶನ್ ಕೆಲಸ ಸಾಗರ

ಚೀಟಿ ಇದ್ದರೆ ಅದೇ ಮೊದಲು. ಡಬ್ಲ್ಯೂ ಅಂದರೆ ನೀರಿನ ಶಾಂಪೂ ಆಗುತ್ತದೆ. ಎಸ್ ಅಂದರೆ ನೀರು ಹಾಕಬಾರದು, ಡ್ರೈ ಕ್ಲೀನಿಂಗ್ ದ್ರಾವಣ ಮಾತ್ರ. ಎರಡೂ ಅಕ್ಷರ ಇದ್ದರೆ ಎರಡೂ ನಡೆಯುತ್ತದೆ. ಎಕ್ಸ್ ಅಂತ ಇದ್ದರೆ ಬರೀ ವ್ಯಾಕ್ಯೂಮ್ ಹೊಡೆದು ಬನ್ನಿ. ನಮ್ಮಲ್ಲಿ ಮಾಡಿಸಿದ ಸೋಫಾಗಳಿಗೆ ಚೀಟಿ ಇರುವುದೇ ಅಪರೂಪ, ಆಗ ಒಳಗಿನ ಅಂಚಲ್ಲಿ ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಅಲ್ಲೇ ನಿಲ್ಲಿಸಿ.

ವೈರ್ ಡ್ರಿಲ್ ಬೇಡ. ಒಂದು, ಅದಕ್ಕೆ ಗೇರ್ ಇಲ್ಲ, ಸುಮಾರು ಡ್ರಿಲ್‌ಗಳು 2,500-3,000 ಸುತ್ತು ಹೋಗುತ್ತವೆ. ಹ್ಯಾಮರ್ ಬಟನ್ ತಪ್ಪಿ ಒತ್ತಿದರೆ ಅದೊಂದು ಬೇರೆ ಕಥೆ. ಎರಡು, ನೀರಿನ ಕೆಲಸ. ನೊರೆ ಮೋಟಾರಿನ ಗಾಳಿಯ ತೂತಿಗೆ ಹೋದರೆ ನಿಮ್ಮ ಹುಡುಗನ ಜೀವಕ್ಕೇ ಅಪಾಯ. 12 ವೋಲ್ಟ್ ಬ್ಯಾಟರಿ ಡ್ರಿಲ್ ಸಾಕಾಗುತ್ತದೆ, ಕೈಗೂ ಹಗುರ. ವ್ಯಾಕ್ಯೂಮ್ ಹೇಗೂ ಕರೆಂಟಿಗೇ ಹಾಕಬೇಕು, ಹಳೇ ಮನೆಗಳಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ಹೇಳಲಾಗದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್) ಹಾಕಿದ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ಎಲ್ಲಿ ಹೋದರೂ ಜೊತೆಗೇ ಒಯ್ಯಿರಿ.

ಒಣಗಿಸಲು ಒಂದು ಬ್ಲೋವರ್ ಫ್ಯಾನ್ ಇಟ್ಟುಕೊಳ್ಳಿ. ಕುಶನ್ ಬಿಡಿಯಾಗಿ ಬರುವುದಾದರೆ ಜಿಪ್ ತೆಗೆದು, ನಿಲ್ಲಿಸಿ ಎರಡೂ ಕಡೆ ಗಾಳಿ ಆಡುವ ಹಾಗೆ ಮಾಡಿ. ತೇವ ಒಂದೆರಡು ದಿನ ನಿಂತರೆ ಸಾಕು, ಬೂಷ್ಟು ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ, ಆಗುಂಬೆ ಕಡೆಯಿಂದ ಕರೆ ಬಂದರೆ ಒಣ ವ್ಯಾಕ್ಯೂಮ್, ಕಲೆ ಇದ್ದ ಜಾಗಕ್ಕೆ ಮಾತ್ರ ಕೈಕೆಲಸ, ಅದಕ್ಕೆ ತಕ್ಕ ರೇಟು ಹೇಳಿ. ಪೂರ್ತಿ ಒದ್ದೆ ಕೆಲಸಕ್ಕೆ ನವೆಂಬರ್ ನಂತರದ ದಿನ ಕೊಡಿ.