ಪದಚರ್ಚೆ: ‘ರಿಟರ್ನ್’ಗೆ ‘ಹಿಂತಿರುಗಿಸು’ ಸರಿಯೇ?

ಕೊಪ್ಪಳದಲ್ಲಿ ಸಂಜೆ ಹೊತ್ತು ಪದವಿ ವಿದ್ಯಾರ್ಥಿಗಳಿಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ, ಕನ್ನಡದಲ್ಲೇ. ‘ಫಂಕ್ಷನ್’ (ಒಂದು ನಿಗದಿತ ಕೆಲಸ ಮಾಡುವ, ಹೆಸರಿಟ್ಟ ಕೋಡ್ ತುಣುಕು) ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಗಣಿತದ ‘ಫಲನ’ ಎಂದರೆ ಅದನ್ನೇ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ. ಫಂಕ್ಷನ್ನನ್ನು ಕೆಲಸಕ್ಕೆ ಹಚ್ಚುವ ‘ಕಾಲ್’ಗೆ ‘ಕರೆ’ ಸಲೀಸಾಗಿ ಒಗ್ಗಿದೆ. ತೊಡಕು ‘ರಿಟರ್ನ್’ನದು, ಅಂದರೆ ಫಂಕ್ಷನ್ ತನ್ನ ಫಲಿತಾಂಶವನ್ನು ಕರೆದ ಜಾಗಕ್ಕೆ ಕಳಿಸುವ ಆದೇಶದ್ದು.

‘ಹಿಂತಿರುಗಿಸು’ ಎನ್ನೋಣವೆಂದರೆ, ನಾವು ಹಿಂತಿರುಗಿಸುವುದು ಪಡೆದದ್ದನ್ನೇ: ಸಾಲ, ಪುಸ್ತಕ, ಬಾಡಿಗೆಗೆ ತಂದ ಪಾತ್ರೆ. ಗಂಗಾವತಿ ಕಡೆಯ ಭತ್ತದ ವ್ಯಾಪಾರ ನೋಡಿ, ಅಲ್ಲಿ 75 ಕಿಲೋ ಚೀಲದ ಲೆಕ್ಕ. ‘ಹಣ’ ಎಂಬ ಫಂಕ್ಷನ್ ಬರೆದು (ಪಿಎಚ್‌ಪಿಯಲ್ಲಿ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ನನಗಿದು ಬಹಳ ಪ್ರಿಯ) 40 ಚೀಲ, ಚೀಲಕ್ಕೆ 1,600 ರೂಪಾಯಿ ಎಂದು ಕೊಟ್ಟರೆ 64,000 ಬರುತ್ತದೆ. ಕೊಟ್ಟ ಚೀಲವೂ ದರವೂ ಹಿಂದಕ್ಕೆ ಬರಲಿಲ್ಲವಲ್ಲ!

ಒಬ್ಬ ವಿದ್ಯಾರ್ಥಿನಿ ಫಂಕ್ಷನ್ನಿನ ಒಳಗೆ ರಿಟರ್ನ್ ಬದಲು ಎಕೋ (ಪರದೆಯ ಮೇಲೆ ಬರೆದು ತೋರಿಸುವ ಆದೇಶ) ಬರೆದಳು. ಹೊರಗೆ ‘ಹಣ’ವನ್ನು ಕರೆದು, ಹಮಾಲಿ 800 ಕಳೆದು, ಅದನ್ನೂ ಎಕೋ ಮಾಡಿದಳು. 63200 ಬರಬೇಕಿದ್ದಲ್ಲಿ ಪರದೆಯ ಮೇಲೆ ಮೂಡಿದ್ದು 64000-800. ಕಳೆಯುವ ಲೆಕ್ಕವನ್ನು ಬರೆದಿಟ್ಟು ಮಾಡದೆ ಬಿಟ್ಟಂತೆ! ನಡೆದದ್ದೇ ಬೇರೆ. ಒಳಗಿನ ಎಕೋ 64000 ಎಂದು ತೋರಿಸಿತು. ಫಂಕ್ಷನ್ನಿನಿಂದ ಏನೂ ಬಾರದ್ದರಿಂದ ಪಿಎಚ್‌ಪಿ ಅದನ್ನು ನಲ್ (ಏನೂ ಇಲ್ಲ) ಎಂದು ಹಿಡಿದು, ಲೆಕ್ಕಕ್ಕೆ ಸೊನ್ನೆ ಮಾಡಿಕೊಂಡು, 800 ಕಳೆದು, -800 ಅನ್ನು ಪಕ್ಕದಲ್ಲೇ ಬರೆಯಿತು. ‘ತೋರಿಸುವುದು ಬೇರೆ, ಕೊಡುವುದು ಬೇರೆ’ ಎಂದ ಕೂಡಲೇ ಅವಳಿಗೆ ಹೊಳೆಯಿತು.

ಎಕೋಗೆ ‘ತೋರಿಸು’ ಸಾಕು. ಆದರೆ ರಿಟರ್ನ್‌ಗೆ ‘ಕೊಡು’ ಎಂದರೆ ಇನ್ನೊಂದು ಗೊಂದಲ. ಚೀಲ, ದರಗಳನ್ನು ನಾವೂ ‘ಕೊಡುತ್ತೇವೆ’. ‘ಫಂಕ್ಷನ್‌ಗೆ ಕೊಟ್ಟದ್ದು’, ‘ಫಂಕ್ಷನ್ ಕೊಟ್ಟದ್ದು’ ಇವೆರಡನ್ನು ಬರೀ ವಿಭಕ್ತಿಯಿಂದ ಬೇರ್ಪಡಿಸುವುದು ಹೊಸಬರಿಗೆ ಕಷ್ಟ. ಜೊತೆಗೆ ರಿಟರ್ನ್ ಬಂದಲ್ಲಿಗೆ ಫಂಕ್ಷನ್ ಮುಗಿಯಿತು, ಅದರ ಕೆಳಗಿನ ಸಾಲುಗಳು ನಡೆಯುವುದಿಲ್ಲ. ಆ ‘ಮುಗಿಯಿತು’ ಎಂಬ ಅರ್ಥ ‘ಕೊಡು’ವಿನಲ್ಲಿ ಇಲ್ಲ, ‘ಹಿಂತಿರುಗಿಸು’ವಿನಲ್ಲೂ ಇಲ್ಲ.

ನನ್ನ ಮನಸ್ಸು ‘ಒಪ್ಪಿಸು’ ಕಡೆಗಿದೆ. ಲೆಕ್ಕ ಒಪ್ಪಿಸುವುದು, ವಹಿಸಿದ ಕೆಲಸ ಮುಗಿಸಿ ಒಪ್ಪಿಸುವುದು ಎಲ್ಲರ ಬಾಯಲ್ಲೂ ಇರುವ ಮಾತು. ‘ಹಣ ಫಂಕ್ಷನ್ 64,000 ಒಪ್ಪಿಸುತ್ತದೆ’ ಎಂದರೆ ಕಿವಿಗೂ ಹಿತ. ಆದರೆ ‘ಒಪ್ಪುವಂತೆ ಮಾಡು’ ಎಂಬ ಅರ್ಥವೂ ಈ ಪದಕ್ಕಿದೆ. ನಿಮ್ಮ ಊರಿನ ಬಳಕೆಯಲ್ಲಿ ಆ ಅರ್ಥವೇ ಮೊದಲು ಬರುತ್ತದೆಯೇ? ಪಾಠದಲ್ಲೋ ಬರಹದಲ್ಲೋ ಯಾರಾದರೂ ರಿಟರ್ನ್‌ಗೆ ಇದನ್ನು ಬಳಸಿದ್ದರೆ, ಬೇರೆ ಪದ ಚಾಲ್ತಿಯಲ್ಲಿದ್ದರೆ, ವಾಕ್ಯದ ಸಮೇತ ದಯವಿಟ್ಟು ತಿಳಿಸಿ.