ಕಾಳಿ ನೆರೆಯ ನೆನಪಿಗೆ: ಪ್ರತಿ ಅಡ್ಡರಸ್ತೆಗೆ ಒಂದು ಮಟ್ಟದ ಕಲ್ಲು

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. 2019ರ ಆಗಸ್ಟ್ ನೆರೆಯ ವಾರ್ಷಿಕಕ್ಕೆ ಈ ಸಲ ಫ್ಲೆಕ್ಸು, ಶಾಮಿಯಾನ ಬೇಡ ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಕಾಳಿ ನದಿಯ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ನೀರು ಎಲ್ಲೀತನಕ ಬಂದಿತ್ತು ಅಂತ ತೋರಿಸೋ ಕಲ್ಲು ಕೂರಿಸೋಣ. "ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ" ಅಂದರೆ ಯಾರಿಗೂ ಅಂದಾಜು ಸಿಗಲ್ಲ, ಗೋಡೆ ಮೇಲಿನ ಗೆರೆ ಕಂಡರೆ ಸಿಗುತ್ತೆ. ಹಳೇ ಗುರುತು ಎಲ್ಲಿ ಉಳಿದಿದೆ ಹೇಳಿ.

2ನೇ ಅಡ್ಡರಸ್ತೆ: ಹೊರಗೋಡೆಗೆಲ್ಲ ಬಣ್ಣ ಬಿದ್ದಿದೆ. ಗೇಟಿನ ಹತ್ತಿರ ಎದೆಮಟ್ಟ ಒಂದು ಕಲೆ ಇದೆ, ಸಾಕಾ?

ಹೊಳೆಬದಿ ಸಾಲು (ಮೇಸ್ತ್ರಿ): ಅಕ್ಕ, ಅದನ್ನ ನಂಬಬೇಡಿ. ಚಿರೇಕಲ್ಲು ನೀರು ಹೀರಿ ಮೇಲಕ್ಕೆ ಎಳೆಯುತ್ತೆ, ತೇವದ ಕಲೆ ನಿಜವಾದ ಮಟ್ಟಕ್ಕಿಂತ ಮೇಲೇ ಇರುತ್ತೆ. ನಮಗೆ ಬೇಕಾದ್ದು ಕೆಸರಿನ ಗೆರೆ. ಮೀಟರ್ ಬೋರ್ಡಿನ ಹಿಂದೆ, ಗೋಡೆ ಕಪಾಟಿನ ಒಳಗೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ತೆಳ್ಳಗೆ ಕಂದು ಬಣ್ಣ, ಅಂಚು ಮಟ್ಟಸ. ನೀರು ಇಳಿಯುವಾಗಲೂ ನಿಂತು ನಿಂತು ಗೆರೆ ಬಿಡುತ್ತೆ, ಎರಡು ಮೂರು ಸಿಕ್ಕಿದರೆ ಎಲ್ಲಕ್ಕಿಂತ ಮೇಲಿನದನ್ನ ಹಿಡೀರಿ.

5ನೇ ಅಡ್ಡರಸ್ತೆ: ಒಂದು ಮನೇಲಿ ಸಿಕ್ಕಿದರೆ ಅದನ್ನೇ ಇಡೀ ಬಡಾವಣೆಗೆ ಎಳೆಯಬಹುದಲ್ಲ?

ಹೊಳೆಬದಿ ಸಾಲು (ಮೇಸ್ತ್ರಿ): ಆಗಲ್ಲ. ಹರಿಯೋ ನೆರೆ ಕೆರೆ ಥರ ಮಟ್ಟಸ ಇರಲ್ಲ, ಮೇಲ್ಗಡೆಯಿಂದ ಕೆಳಗಡೆಗೆ ಇಳಿಜಾರು. ಒಂದು ಅಡ್ಡರಸ್ತೆಯ ಗೆರೆ ಆ ಅಡ್ಡರಸ್ತೆಗೇ. ಅಲ್ಲಿ ಮನೆಯಿಂದ ಮನೆಗೆ ದಾಟಿಸಲು ಪಾರದರ್ಶಕ ಲೆವೆಲ್ ಪೈಪು, 15 ಮೀಟರ್ ಸಾಕು; ನೀರು ತುಂಬಿದರೆ ಎರಡೂ ತುದಿಯಲ್ಲಿ ಒಂದೇ ಮಟ್ಟ ನಿಲ್ಲುತ್ತೆ. ನೀರು ತುಂಬುವಾಗ ಒಳಗೆ ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತೆ. ಓದುವಾಗ ಎರಡೂ ತುದಿ ತೆರೆದಿರಬೇಕು, ಹೆಬ್ಬೆಟ್ಟು ಒತ್ತಿ ಹಿಡಿಯಬೇಡಿ.

ನಿವೃತ್ತ ಮಾಸ್ತರು: ಎತ್ತರವನ್ನು ರಸ್ತೆಯಿಂದ ಅಳೆಯಬೇಡಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ನೆರೆ ಕಡಿಮೆ ಬಂದಿತ್ತು ಅಂತ ಕಾಣುತ್ತದೆ. ಬಾವಿಕಟ್ಟೆ ಅಥವಾ ಪಾಯದ ಮೇಲಂಚಿನಿಂದ ಅಳೆದು ಬರೆದಿಡಿ.

ಸಂಘದ ಕಾರ್ಯದರ್ಶಿ: ಸರಿ ಮಾಸ್ತರೇ. ಕಲ್ಲಿನ ಬದಲು ಪೇಂಟಲ್ಲೇ ಮುಗಿಸಿದರೆ ಖರ್ಚು ಕಡಿಮೆ ಅಂತ ಕೆಲವರು ಹೇಳ್ತಿದ್ದಾರೆ.

ಹೊಳೆಬದಿ ಸಾಲು (ಮೇಸ್ತ್ರಿ): ಆಗಸ್ಟಿನ ಮಳೇಲಿ ಪೇಂಟು ಒಣಗಬೇಕಲ್ಲ! ಒದ್ದೆ ಗೋಡೆ ಮೇಲೆ ಗುಳ್ಳೆ ಎದ್ದು ಸಿಪ್ಪೆ ಬರುತ್ತೆ. 12 ಇಂಚು ಅಗಲ, 8 ಇಂಚು ಎತ್ತರದ ಗ್ರಾನೈಟ್, ಅಕ್ಷರ ಕೊರೆದದ್ದು. ಕಲ್ಲಿನ ಮೇಲಂಚೇ ನೀರಿನ ಮಟ್ಟ ಅಂತ ಇಟ್ಟುಕೊಂಡರೆ ಕೂರಿಸುವವನು ತಪ್ಪಲ್ಲ. ಬರೀ ಸಿಮೆಂಟಿಗೆ ಅಂಟಿಸಬೇಡಿ, ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿ. ಮಾಮೂಲಿ ಕಬ್ಬಿಣ ಈ ಉಪ್ಪುಗಾಳಿಗೆ ತಡೆಯಲ್ಲ.

2ನೇ ಅಡ್ಡರಸ್ತೆ: ಅದೇ ದಿನ ಗ್ಯಾಸ್ ಸಿಲಿಂಡರಿಗೆ ಸರಪಳಿ ಹಾಕಿಸೋದೂ ಸೇರಿಸಿ. ತುಂಬಿದ್ದು ತೇಲಲ್ಲ ಅಂತ ಎಲ್ಲರೂ ಬಿಟ್ಟುಬಿಡ್ತಾರೆ.

5ನೇ ಅಡ್ಡರಸ್ತೆ: ತೇಲುತ್ತೆ. 14.2 ಕೆ.ಜಿ. ಅನಿಲ ಸೇರಿ ಸುಮಾರು 30 ಕೆ.ಜಿ. ತೂಕ, ಅದರ ಹೊಟ್ಟೆ 33 ಲೀಟರಿನದು; ಅಷ್ಟು ನೀರೇ 33 ಕೆ.ಜಿ. ತೂಗುತ್ತೆ, ಸಿಲಿಂಡರ್ ಅದಕ್ಕಿಂತ ಹಗುರ. ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ ಕಿಟಕಿ ಸರಳಿಗೆ ಬಿಗೀಬೇಕು.

ಸಂಘದ ಕಾರ್ಯದರ್ಶಿ: ಸೇರಿಸಿದೆ. ಗುರುತು ಹುಡುಕೋದು ಈ ಭಾನುವಾರ, ಬೆಳಿಗ್ಗೆ 8ಕ್ಕೆ, ಹೊಳೆಬದಿ ಸಾಲಿಂದ ಶುರು. ಲೆವೆಲ್ ಪೈಪು ಯಾರ ಹತ್ತಿರ ಇದೆ?

5ನೇ ಅಡ್ಡರಸ್ತೆ: ನಮ್ಮಲ್ಲಿದೆ, ಒಳಗೆ ಪಾಚಿ ಕಟ್ಟಿದೆ. ಬ್ಲೀಚಿಂಗ್ ನೀರು ಬಿಟ್ಟು ತೊಳೆದು ತರ್ತೇನೆ.